ಕಂಪ್ಯೂಟರ್ ಅಣ್ಣ
ನಮ್ಮ ಪತ್ರಿಕೆಯ ವೆಬ್‌ಸೈಟ್ ನೋಡಿಕೊಳ್ಳುವವನನ್ನು ನಾವೆಲ್ಲ ‘ಕಂಪ್ಯೂಟರ್ ಅಣ್ಣ’ ಎನ್ನುತ್ತೇವೆ. ನನಗಿಂತ ಚಿಕ್ಕವನೇ, ಆದರೆ ಕೆಲಸ ಆಗಬೇಕಲ್ಲ! ಏನು ಕೆಟ್ಟರೂ ಅವನದು ಒಂದೇ ಮಾತು: “ಸಣ್ಣದು ಸಾರ್, ಈಗ ಸರಿಹೋಗುತ್ತೆ.” ಕಟ್ಟಡವೇ ಕುಸಿದರೂ ಇಟ್ಟಿಗೆಗಳ ಅಡಿಯಿಂದ ಅದೇ ಮಾತು ಕೇಳಿಸೀತು. ಅವನ ಸ್ವಂತ ತಂಗಿಯ ಮದುವೆಯ ಫೋಟೊಗಳಲ್ಲೆಲ್ಲ ಅವನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇದೆ. ನನ್ನ ಹಾಸ್ಯ ಅಂಕಣವನ್ನು ನಾನೇ ಅಳಿಸಿಕೊಂಡು ಕೂಗಾಡಿದಾಗಲೂ ತಪ್ಪು ಯಂತ್ರದ್ದೆಂದು ಹೇಳಿ ನನ್ನ ಮಾನ ಉಳಿಸುತ್ತಾನೆ. ವರದಿಗಾರರ ಸಂಬಳ ಏರಿದಾಗಲೆಲ್ಲ ‘ನನಗೆ?’ ಎಂದು ಕೇಳಿದರೆ ಆಡಳಿತದವರು ಅವನಿಗೆ, “ನೀವೇನು ಪತ್ರಕರ್ತರಾ?” ಎನ್ನುತ್ತಾರೆ; ರಜೆಯ ದಿನ ಸೈಟ್ ನಿಂತರೆ ಮಾತ್ರ, “ನಾವೆಲ್ಲ ಒಂದೇ ಕುಟುಂಬ ಕಣಪ್ಪಾ.” ಮೊನ್ನೆ ತಾಂತ್ರಿಕ ಸಿಬ್ಬಂದಿಯೆಲ್ಲ ಸಂಬಳಕ್ಕಾಗಿ ಕೆಲಸ ನಿಲ್ಲಿಸಿ ಗೇಟಿನ ಹೊರಗೆ ಕುಳಿತರು. ಆ ಸುದ್ದಿಯನ್ನು ನಾನೇ ಆವೇಶದಿಂದ ಬರೆದೆ. ಆದರೆ ಅದನ್ನು ಸೈಟಿಗೆ ಹಾಕುವುದು ಒಳಗಿದ್ದ ಒಬ್ಬರಿಗೂ ಬರುತ್ತಿರಲಿಲ್ಲ. ನಾಚಿಕೆ ಬಿಟ್ಟು ಗೇಟಿಗೆ ಹೋಗಿ, “ಅಣ್ಣಾ, ನಿಮ್ಮದೇ ಸುದ್ದಿ, ಒಂದ್ನಿಮಿಷ ಬಂದು ಹಾಕ್ಬಿಡು” ಎಂದೆ. ಅವನ ಕೈ ತಾನಾಗಿ ಲ್ಯಾಪ್‌ಟಾಪ್ ಚೀಲಕ್ಕೆ ಹೋಯಿತು. “ಸಣ್ಣದು ಸಾ...” ಎಂದವನು ತಡೆದು, ಚೀಲವನ್ನು ಪಕ್ಕಕ್ಕೆ ಸರಿಸಿದ. “ಬೇಡ ಸಾರ್. ಸೈಟಲ್ಲಿ ನಿನ್ನೆ ಸುದ್ದೀನೇ ಇರಲಿ. ಯಾಕೆ ಅಂತ ಜನಾನೇ ಕೇಳಲಿ.”