ಸ್ಟೇ ಬಿದ್ದ ಹೊಲ

ನಮ್ಮ ಮಣ್ಣೇ ಮಗನನ್ನು ಕರೆಸಿಕೊಂಡಿತು ಅಂತ ದೊಡ್ಡಪ್ಪ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಎಂಜಿನ್ ನಿಂತ ವಿಮಾನವನ್ನು ಮಗ ಸ್ವಂತ ಲೇಔಟಿನ ರಸ್ತೆಯಲ್ಲಿ ಇಳಿಸಿ ತಂಗಿಯ ಜೀವ ಉಳಿಸಿದನಂತೆ. ಆ ತಂಗಿ ನಾನೇ. ಅವನ ಪಕ್ಕದ ಸೀಟಿನಲ್ಲೇ ಕೂತಿದ್ದೆ. ಮಣ್ಣು ಕರೆದದ್ದು ನನಗಂತೂ ಕೇಳಿಸಲಿಲ್ಲ.

ಅವನು ನಮ್ಮ ದೊಡ್ಡಮ್ಮನ ಮಗ. ಅವರದು ಜರಗನಹಳ್ಳಿಯ ಹಳೇ ಒಕ್ಕಲು ಮನೆತನ, ಈಗ ಬಾಡಿಗೆ ಮನೆಗಳ ಸಾಲು. ಉಳಿದ ಜಮೀನು ಕನಕಪುರ ರಸ್ತೆಯಲ್ಲಿ ಇನ್ನೂ ದೂರ. ಅದರಲ್ಲಿ ಅರ್ಧ ಲೇಔಟ್ ಆಗಿದೆ. ಇನ್ನರ್ಧಕ್ಕೆ ದೊಡ್ಡಪ್ಪನಿಗೂ ಅವರ ತಮ್ಮನಿಗೂ ಕೋರ್ಟಿನಲ್ಲಿ ಕೇಸು. ಇಬ್ಬರ ಕಡೆಯವರೂ ಕಾಲಿಡಬಾರದು ಅಂತ ಸ್ಟೇ ಬಿದ್ದು ಎಷ್ಟೋ ಕಾಲವಾಯಿತು. ಹೊಲ ಬೀಳು ಬಿದ್ದು ಬರೀ ಹುಲ್ಲು ಬೆಳೆದಿದೆ.

ಅಣ್ಣನಿಗೆ ಚಿಕ್ಕ ವಿಮಾನ ಹಾರಿಸುವ ಲೈಸೆನ್ಸ್ ಸಿಕ್ಕ ಹೊಸತು. "ಬಾರೇ, ನಮ್ ಜಮೀನು ಮೇಲಿಂದ ತೋರಿಸ್ತೀನಿ" ಅಂದ. ಆಕಾಶಕ್ಕೆ ಏರಿದರೂ ಇವರಿಗೆ ನೋಡಬೇಕಾದದ್ದು ಗಡಿಕಲ್ಲು.

ಜಮೀನಿನ ಮೇಲೆ ಒಂದು ಸುತ್ತು ಹಾಕುವಷ್ಟರಲ್ಲಿ ಎಂಜಿನ್ ಕೆಮ್ಮಿ ಕೆಮ್ಮಿ ನಿಂತೇಹೋಯಿತು. ಅವನು ಇನ್ನೊಂದು ಪೆಟ್ರೋಲ್ ಟ್ಯಾಂಕಿಗೆ ಬದಲಿಸಿದ, ಕೀ ತಿರುಗಿಸಿದ. ಊಹೂಂ. ರೆಕ್ಕೆಗೆ ಬಡಿಯುವ ಗಾಳಿಯ ಸದ್ದು ಮಾತ್ರ. ಅಲ್ಲಿಯವರೆಗಿನದಕ್ಕೆ ನಾನು ಅವನನ್ನು ಬೈಯುವುದಿಲ್ಲ. ವಿಮಾನದ ಮೂಗು ತಗ್ಗಿಸಿ, ಕಲಿಸಿಕೊಟ್ಟ ವೇಗ ಹಿಡಿದ. ಎಡಗಡೆ ಆ ಬೀಳು ಹೊಲ, ಎದುರುಗಾಳಿಗೆ ಉದ್ದಕ್ಕೆ ಮಲಗಿತ್ತು. ಮರವಿಲ್ಲ, ತಂತಿಯಿಲ್ಲ.

"ಅಣ್ಣಾ, ಅಲ್ಲಿ ಇಳಿಸು!"

"ಅಲ್ಲಿ ಸ್ಟೇ ಇದೆ ಕಣೇ. ಒಂದು ಚಕ್ರ ತಗುಲಿದ್ರೂ ಚಿಕ್ಕಪ್ಪ ಇನ್ನೊಂದು ಕೇಸ್ ಜಡೀತಾರೆ."

"ಸಾಯ್ತೀವಿ ಕಣೋ!"

"ಲೇಔಟ್ ರೋಡ್ ಇದೆಯಲ್ಲ, ನಲವತ್ತಡಿ. ನಮ್ದೇ. ಯಾರೂ ಕೇಳಲ್ಲ."

"ಕಂಬ ಇದೆ ಅಲ್ಲಿ!"

"ಕರೆಂಟ್ ಇನ್ನೂ ಕೊಟ್ಟಿಲ್ಲ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂತೆಂಥ ದಡ್ಡ ವಾದಗಳನ್ನೋ ಕೇಳಿ ಉತ್ತರ ಕೊಟ್ಟಿದ್ದೇನೆ. ಇದಕ್ಕೆ ಬಾಯಿ ತೆರೆಯುವ ಮೊದಲೇ ಕರೆಂಟಿಲ್ಲದ ಕಂಬ ಬಲಗಡೆಯ ರೆಕ್ಕೆಗೆ ಬಡಿಯಿತು. ವಿಮಾನ ಗಿರ್ರನೆ ತಿರುಗಿ ಸೈಟಿನ ಕಲ್ಲುಗಳ ಮೇಲೆ ಕುಕ್ಕರಿಸಿತು. ನನ್ನ ತೊಡೆಯ ಮೂಳೆ ಮುರಿಯಿತು. ಅವನಿಗೆ ಒಂದು ಗೀರೂ ಇಲ್ಲ. ನನ್ನನ್ನು ಹೊರಗೆಳೆದು ಮಲಗಿಸಿ, ಹಿಂದೆ ತಿರುಗಿ ನೋಡಿ ಅವನು ಆಡಿದ ಮೊದಲ ಮಾತು: "ಗಡಿ ದಾಟಿಲ್ಲ ತಾನೆ?"

ದಾಟಿರಲಿಲ್ಲ. ಆದ್ದರಿಂದಲೇ ಇರಬೇಕು, ಜರಗನಹಳ್ಳಿಯಲ್ಲಿ ಸನ್ಮಾನ ಇಟ್ಟರು. ಫ್ಲೆಕ್ಸಿನಲ್ಲಿ ಅವನ ಬೆನ್ನ ಹಿಂದೆ ನಾಲ್ಕು ಎಂಜಿನ್ನಿನ ಜೆಟ್. ನಮ್ಮದಕ್ಕಿದ್ದದ್ದು ಒಂದೇ, ಅದೂ ಕೈಕೊಟ್ಟದ್ದು. ಪೇಟ, ಶಾಲು, ಸೇಬಿನ ಹಾರ. ನಿರೂಪಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಶಾಲೆ ಮಕ್ಕಳನ್ನೂ ಬದುಕಿಸಿಬಿಟ್ಟ. ಅಲ್ಲಿ ಸುತ್ತಮುತ್ತ ಶಾಲೆಯೇ ಇಲ್ಲ. ಜನ ಚಪ್ಪಾಳೆ ತಟ್ಟಿದರು, ಮುಂದಿನ ಸಾಲಿನ ಆಂಟಿಯೊಬ್ಬರು ಕಣ್ಣೊರೆಸಿಕೊಂಡರು. ಅಣ್ಣ ಇನ್ನು ಬಾಡಿಗೆ ವಿಮಾನ ಓಡಿಸುವ ತರಬೇತಿಗೆ ಸೇರುತ್ತಾನೆ, ಮುಂದೆ ನಿಮ್ಮನ್ನೆಲ್ಲ ಕೂರಿಸಿಕೊಂಡು ಹಾರುತ್ತಾನೆ ಅಂತ ದೊಡ್ಡಪ್ಪ ಘೋಷಿಸಿದಾಗ ಚಪ್ಪಾಳೆ ಇನ್ನೂ ಜೋರಾಯಿತು.

ಆಮೇಲೆ ಮೈಕನ್ನು ನನ್ನ ಕಡೆ ಚಾಚಿದರು. "ಎರಡು ಮಾತು ಆಡಮ್ಮಾ, ನೀನು ಡಿಬೇಟ್‌ನಲ್ಲಿ ಕಪ್ ಗೆದ್ದೋಳು. ಅಣ್ಣ ಹೆಂಗೆ ಉಳಿಸ್ದ, ನೀನೇ ಹೇಳು."

ಊರುಗೋಲು ಊರಿಕೊಂಡು ಎದ್ದೆ. ಸಭೆಗೆ ನಮಸ್ಕಾರವನ್ನೂ ಹೇಳಲಿಲ್ಲ. ಸೇಬಿನ ಹಾರದ ನಡುವೆ ನಗುತ್ತಿದ್ದ ಮುಖದ ಕಡೆ ತಿರುಗಿ ಕೇಳಿದೆ:

"ಅಣ್ಣಾ, ನಾಳೆ ಇವರನ್ನೆಲ್ಲ ಕೂರಿಸ್ಕೊಂಡು ಹೋಗುವಾಗ ಎಂಜಿನ್ ನಿಂತ್ರೆ, ಕೆಳಗಿರೋ ಹೊಲ ಸಮವಾಗಿದೆಯಾ ಅಂತ ನೋಡ್ತೀಯೋ, ಯಾರ ಹೆಸರಲ್ಲಿದೆ ಅಂತ ನೋಡ್ತೀಯೋ?"