ಲಕ್ಷ್ಮಮ್ಮ ಕೊಡದ ಬೀರುವಿನ ಕೀ

ತಮಿಳುನಾಡು ಪಶುಸಂಗೋಪನಾ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಡಾಕ್ಟರಾಗಿದ್ದು, ನಿವೃತ್ತನಾದ ಎರಡನೇ ವರ್ಷದ ಮಾತಿದು. ನನ್ನ ಸರ್ವೀಸೆಲ್ಲ ದನಗಳ ಹಿಂದೆಯೇ ಕಳೆದಿತ್ತು. ನಾಟ್ರಾಂಪಾಳ್ಯದ ಕಾಡಂಚಿನಲ್ಲಿ ಮೊಣಕೈವರೆಗೆ ಕೈ ಹಾಕಿ ಕರು ಎಳೆದವನು ನಾನು. ನಾಯಿ ಎಂದರೆ ರೇಬೀಸ್ ಇಂಜೆಕ್ಷನ್, ಅಷ್ಟೇ. ಹಾಗಿದ್ದೂ ಹೊಸೂರಿನಿಂದ ಬೇರಿಕೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ಚಿಕ್ಕ ಪ್ರಾಣಿ ಆಶ್ರಯದವರು ಬಂದು ಕೇಳಿದಾಗ ಒಪ್ಪಿಕೊಂಡೆ. ಮನೆಯಲ್ಲಿ ಕೂತು ಪೇಪರ್ ಓದುತ್ತಾ ಹೆಂಡತಿಯಿಂದ ಬೈಸಿಕೊಳ್ಳುವುದಕ್ಕಿಂತ ಇದೇ ವಾಸಿ ಅನ್ನಿಸಿತು. ಬೆಳಿಗ್ಗೆ ಹತ್ತಕ್ಕೆ ಹೋದರೆ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಗೇಟು ದಾಟುತ್ತಿದ್ದೆ. ಸರ್ಕಾರಿ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಅಲ್ಲಿ ಐವತ್ತು ಅರವತ್ತು ನಾಯಿಗಳಿದ್ದವು. ಅವಕ್ಕೆ ಅನ್ನ ಬೇಯಿಸಿ, ಶೆಡ್ ತೊಳೆದು, ಅಲ್ಲೇ ಒಂದು ಕೋಣೆಯಲ್ಲಿ ವಾಸವಾಗಿದ್ದವರು ಲಕ್ಷ್ಮಮ್ಮ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರು. ನನಗೂ ಅವರಿಗೂ ದಿನಾ ಜಟಾಪಟಿ. ನಾನು ಒಂದು ಮಾತೆಂದರೆ ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು ಉತ್ತರ ಸಿದ್ಧ.

ಒಂದು ಸೋಮವಾರ ಕಂಪನಿಗಳ ಕಡೆಯ ಬಸ್ ಸ್ಟಾಪಿನ ಹತ್ತಿರ ಲಾರಿಗೆ ಸಿಕ್ಕಿದ ಕಂದು ಬಣ್ಣದ ಗಂಡು ನಾಯಿಯೊಂದನ್ನು ಯಾರೋ ಆಟೋದಲ್ಲಿ ತಂದುಬಿಟ್ಟು ಹೋದರು. ಸೊಂಟದಿಂದ ಕೆಳಗೆ ಚಲನೆಯೇ ಇರಲಿಲ್ಲ. ಇಂಥ ಕೇಸಿನಲ್ಲಿ ನಾವು ಮಾಡುವುದು ಡೀಪ್ ಪೇನ್ ಟೆಸ್ಟ್. ಹಿಂಗಾಲಿನ ಬೆರಳನ್ನು ಫೋರ್ಸೆಪ್ಸಿನಿಂದ ಒತ್ತಿ ಹಿಡಿಯುವುದು. ನೋವು ಮಿದುಳಿಗೆ ತಲುಪಿದರೆ ಪ್ರಾಣಿ ತಿರುಗಿ ನೋಡುತ್ತದೆ, ಇಲ್ಲವೇ ಕಚ್ಚಲು ಬರುತ್ತದೆ. ತಲುಪದಿದ್ದರೆ ಬೆನ್ನುಹುರಿ ಕೆಟ್ಟಿದೆ, ಆಸೆ ಕಡಿಮೆ ಎಂದರ್ಥ. ಸೋಮವಾರ, ಮಂಗಳವಾರ, ಗುರುವಾರ ಮೂರು ಸಲ ಒತ್ತಿದೆ. ನಾಯಿ ಮಿಸುಕಲಿಲ್ಲ.

ದಯಾಮರಣವನ್ನು ಮನಸ್ಸಿಗೆ ಬಂದಂತೆ ಕೊಡುವ ಹಾಗಿಲ್ಲ. ವಾಸಿಯಾಗದ ರೋಗ ಅಥವಾ ಉಳಿಯಲಾರದಂಥ ಗಾಯ ಎಂದು ಡಾಕ್ಟರು ಬರೆದು ಸಹಿ ಹಾಕಬೇಕು, ಆಶ್ರಯದ ಸಮಿತಿಯವರು ಒಪ್ಪಬೇಕು. ನಾನು ಬರೆದೆ, ಅವರು ಒಪ್ಪಿದರು. ಶುಕ್ರವಾರ ಹನ್ನೊಂದಕ್ಕೆ ಅಂತ ನಿಗದಿಯಾಯಿತು. ಏಳಲಾರದ ಹಸುಗಳನ್ನು ಎಷ್ಟೋ ನೋಡಿದ್ದವನು ನಾನು, ಅದೇ ಅಳತೆಯಲ್ಲಿ ನಾಯಿಯನ್ನೂ ಅಳೆದಿದ್ದೆ.

ಲಕ್ಷ್ಮಮ್ಮ ಗುರುವಾರವೇ ಹೇಳಿದ್ದರು: "ಸಾರ್, ಸಾಯಂಕಾಲ ಅದು ಬಾಲ ಆಡಿಸ್ತದೆ. ನಾನೇ ನೋಡ್ದೆ."

"ಬೆನ್ನುಹುರಿ ಹೋದ ನಾಯಿ ಬಾಲಾನೂ ತಾನಾಗೇ ಅದುರುತ್ತೆ ಕಣಮ್ಮ. ಅದು ಆಡಿಸೋದಲ್ಲ" ಎಂದು ದೊಡ್ಡ ಪಂಡಿತನ ಹಾಗೆ ಹೇಳಿ ಹೊರಟಿದ್ದೆ.

ಶುಕ್ರವಾರ ಹೋದರೆ ಔಷಧಿ ಬೀರುವಿಗೆ ಬೀಗ. ಕೀ ಯಾವಾಗಲೂ ಕ್ಯಾಲೆಂಡರಿನ ಮೊಳೆಯಲ್ಲಿ ನೇತಾಡುತ್ತಿತ್ತು, ಅವತ್ತು ಇಲ್ಲ. ಕೇಳಿದರೆ, "ಸೆಕ್ರೆಟರಿ ಸಾರ್ ತಗೊಂಡೋಗ್ಬುಟ್ರು. ಆರು ಗಂಟೆಗೆ ಬತ್ತಾರೆ" ಅಂದರು ಲಕ್ಷ್ಮಮ್ಮ. ಸಮಿತಿಯ ಸೆಕ್ರೆಟರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಬೀರುವಿನಲ್ಲೇ ಇದ್ದ, ದಿನಾ ಬೆಳಿಗ್ಗೆ ಕೊಡುತ್ತಿದ್ದ ನೋವಿನ ಇಂಜೆಕ್ಷನ್ನೂ ಅವತ್ತು ನಾಯಿಗೆ ತಪ್ಪಿತು. ಅದನ್ನು ಹಾಗೇ ಬಿಟ್ಟುಹೋಗಲು ಮನಸ್ಸಾಗದೆ, ಗೊಣಗುತ್ತಾ ಅಲ್ಲೇ ಕೂತೆ. ಲಕ್ಷ್ಮಮ್ಮ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಸಿಟ್ಟಿನಲ್ಲೇ ಎರಡು ಮುದ್ದೆ ತಿಂದೆ.

ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ರಸ್ತೆಯ ತಿರುವಿನಲ್ಲಿ ಕಂಪನಿ ಬಸ್ಸಿನ ಹಾರನ್ ಕೇಳಿಸಿತು. ಜನರಲ್ ಷಿಫ್ಟ್ ಮುಗಿಸಿದವರನ್ನು ಬೇರಿಕೆ ಕಡೆಗೆ ಕರೆದೊಯ್ಯುವ ಬಸ್ಸು. ಮೂಲೆಯಲ್ಲಿ ಮಲಗಿದ್ದ ನಾಯಿ ಕಿವಿ ನಿಮಿರಿಸಿತು, ಮುಂಗಾಲೂರಿ ಎದೆ ಎತ್ತಿತು. ಆಮೇಲೆ ಬಾಲ ನೆಲಕ್ಕೆ ಬಡಿಯಿತು. ಒಂದಲ್ಲ, ಎರಡಲ್ಲ, ಬಸ್ಸಿನ ಸದ್ದು ದೂರವಾಗುವವರೆಗೂ ಬಡಿಯುತ್ತಲೇ ಇತ್ತು. ಅದುರುವುದಕ್ಕೂ ಆಡಿಸುವುದಕ್ಕೂ ವ್ಯತ್ಯಾಸ ತಿಳಿಯದಷ್ಟು ದಡ್ಡ ನಾನಲ್ಲ. ಹಾರನ್ ಕೇಳಿದ್ದು ಕಿವಿ, ಸಂತೋಷಪಟ್ಟಿದ್ದು ಮಿದುಳು, ಆ ಸಂತೋಷ ಬೆನ್ನುಹುರಿಯನ್ನು ದಾಟಿ ಬಾಲಕ್ಕೆ ಬಂದಿತ್ತು. ದಾರಿ ಪೂರ್ತಿ ಕಡಿದುಹೋಗಿರಲಿಲ್ಲ.

ತಕ್ಷಣ ಬೆರಳು ಒತ್ತಿದೆ. ನಾಯಿ ಗುರ್ ಎಂದು ತಿರುಗಿ ನನ್ನ ಕೈಗೇ ಬಾಯಿ ಹಾಕಿತು. ಒಂದಂಗುಲದಲ್ಲಿ ತಪ್ಪಿತು. ನನ್ನ ತಪ್ಪು ಆಗ ಹೊಳೆಯಿತು. ಮೂರು ಸಲವೂ ನಾನು ಟೆಸ್ಟ್ ಮಾಡಿದ್ದು ಬೆಳಿಗ್ಗೆ, ನಾನೇ ಕೊಟ್ಟ ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿ ಅದು ತೂಕಡಿಸುತ್ತಿದ್ದಾಗ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಲಕ್ಷ್ಮಮ್ಮ ಸೆರಗಿನ ಗಂಟು ಬಿಚ್ಚಿ ಕೀ ತೆಗೆದು ಮೇಜಿನ ಮೇಲಿಟ್ಟರು. "ತಗೊಳ್ಳಿ ಸಾರ್. ಈಗ ಬೇಕಾ?"

ನಾನು ಬೇಡ ಅಂದೆ.

ಮಾರನೆಯ ಸಂಜೆ ಲಕ್ಷ್ಮಮ್ಮ ನಡುರಸ್ತೆಯಲ್ಲಿ ನಿಂತು ಆ ಬಸ್ಸನ್ನು ನಿಲ್ಲಿಸಿ, ಲಾರಿಗೆ ಸಿಕ್ಕಿದ ಕಂದು ನಾಯಿ ಯಾರಿಗಾದರೂ ಗೊತ್ತಾ ಎಂದು ಕೇಳಿದರು. ಒಬ್ಬ ಹೆಣ್ಣುಮಗಳು ಇಳಿದು ಓಡಿಬಂದಳು. ಮಂಜುಳಾ ಅಂತ, ಬೇರಿಕೆ ಹತ್ತಿರದ ಹಳ್ಳಿಯ ರೈತರ ಮನೆಯ ಸೊಸೆ, ಕಂಪನಿಯಲ್ಲಿ ಅಸೆಂಬ್ಲಿ ಲೈನಿನ ಕೆಲಸ. "ಎಲ್ಲೋಗ್ಬುಟ್ಟಿದ್ಯಲಾ ಜನರಲ್ಲು" ಎಂದು ನಾಯಿಯ ಮುಂದೆ ಕುಕ್ಕರಿಸಿದಳು. ಜನರಲ್ ಷಿಫ್ಟಿನವರ ಬಸ್ಸಿಗೆ ತಪ್ಪದೆ ಬರುತ್ತಿದ್ದುದರಿಂದ ಆ ಹೆಸರಂತೆ. "ಲಾರಿಗೆ ಸಿಕ್ಕಿ ಸತ್ತೋಯ್ತು ಅಂದ್ರು ಸಾರ್. ಸೋಮವಾರದಿಂದ ಊಟದ ಡಬ್ಬಿ ತೆಗೆದ್ರೆ ಇದಕ್ಕೆ ಇಕ್ತಿದ್ದುದು ನೆಪ್ಪಾಗಿ ತುತ್ತು ಇಳೀತಿರ್ಲಿಲ್ಲ."

ಅಲ್ಲಿಂದ ಚಿಕಿತ್ಸೆ ಶುರುವಾಯಿತು. ಮಗ್ಗುಲು ಬದಲಿಸುವುದು, ಮೂತ್ರಕೋಶ ಒತ್ತಿ ಖಾಲಿ ಮಾಡಿಸುವುದು, ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ನಿಲ್ಲಿಸುವುದು. ಬೆಳಿಗ್ಗೆ ಎತ್ತಿದರೆ ನಾಯಿ ಮೂಟೆಯ ಹಾಗೆ ತೂಗಾಡುತ್ತಿತ್ತು, ಸಂಜೆ ಬಸ್ಸಿನ ಹೊತ್ತಿಗೆ ಮಾತ್ರ ಕಾಲೂರಲು ಹೆಣಗುತ್ತಿತ್ತು. ಹಾಗಾಗಿ ನನ್ನ ಡ್ಯೂಟಿಯನ್ನೇ ಸಂಜೆಗೆ ಬದಲಾಯಿಸಿಕೊಂಡೆ. ಡ್ರೈವರ್ ದಿನಾ ಐದು ನಿಮಿಷ ಬಸ್ಸು ನಿಲ್ಲಿಸುತ್ತಿದ್ದ. ದಿನವಿಡೀ ದುಡಿದು ಮನೆ ಸೇರುವ ಆತುರದಲ್ಲಿದ್ದವರು ಒಬ್ಬರೂ ಗೊಣಗಲಿಲ್ಲ, ಕಿಟಕಿಯಿಂದ ತಲೆ ಹಾಕಿ ಜನರಲ್‌ನನ್ನು ಮಾತಾಡಿಸುತ್ತಿದ್ದರು. ಅವರಿಗೆ ನಾನು ಇವತ್ತಿಗೂ ಋಣಿ.

ಒಂಬತ್ತನೇ ವಾರ ಅದು ಟವೆಲ್ಲಿಲ್ಲದೆ ಗೇಟಿನವರೆಗೆ ನಡೆಯಿತು. ಎಡಗಾಲು ಎಳೆಯುತ್ತಿತ್ತು, ಅದು ಕಡೆಗೂ ಸರಿಹೋಗಲಿಲ್ಲ.

"ಬಸ್ ಸ್ಟಾಪಿಗೆ ಬಿಡ್ಬೇಡಿ ಸಾರ್, ಓಡಕ್ಕಾಗಲ್ಲ. ನಮ್ಮನೆಗೆ ಕೊಡಿ" ಅಂದಳು ಮಂಜುಳಾ.

"ಮನೇಲಿ ಒಪ್ತಾರೇನಮ್ಮ?"

"ಕುಂಟು ನಾಯಿ ಕಟ್ಕೊಂಡು ಏನ್ ಮಾಡ್ತೀಯ ಅಂದ್ರು ನಮ್ಮತ್ತೆ. ದಿನಾ ಎಂಟು ಗಂಟೆ ನಿಂತು ಕೆಲ್ಸ ಮಾಡಿ ನಾನೂ ಕುಂಟ್ಕೊಂಡೇ ಬತ್ತೀನಲ್ಲ, ನನ್ನ ಇಟ್ಕೊಂಡಿಲ್ವಾ ಅಂದೆ. ನಕ್ಬುಟ್ರು."

ದತ್ತು ಪತ್ರಕ್ಕೆ ಅವಳು ಸಹಿ ಹಾಕಿದಳು. ಜನರಲ್ ಅದೇ ಬಸ್ಸಿನಲ್ಲಿ, ಮಂಜುಳಾಳ ಕಾಲ ಬಳಿ ಕೂತು ಊರಿಗೆ ಹೋದ.

ಆಮೇಲೆಯೂ ದಯಾಮರಣಕ್ಕೆಂದು ಬೀರು ತೆರೆಯಬೇಕಾದ ದಿನಗಳು ಬಂದಿವೆ, ಸುಳ್ಳು ಹೇಳುವುದಿಲ್ಲ. ಆದರೆ ಅಪರೂಪ. ಪ್ರಾಣಿಯನ್ನು ನನ್ನ ಬಿಡುವಿನ ಹೊತ್ತಿನಲ್ಲಲ್ಲ, ಅದು ಯಾರಿಗೋ ಕಾಯುವ ಹೊತ್ತಿನಲ್ಲಿ ನೋಡಬೇಕೆಂದು ಮೂವತ್ತೊಂದು ವರ್ಷದ ಸರ್ವೀಸು ಕಲಿಸಿರಲಿಲ್ಲ, ಲಕ್ಷ್ಮಮ್ಮ ಕಲಿಸಿದರು. ಈಗ ಕೀ ಮೊಳೆಯಲ್ಲಿ ನೇತಾಡುವುದಿಲ್ಲ. ನಾನೇ ಹೇಳಿ ಅದನ್ನು ಅವರ ಸೆರಗಿನಲ್ಲೇ ಇರಿಸಿದ್ದೇನೆ. ಕೇಳಿದರೆ ಕೊಡುತ್ತಾರೆ. ಕೊಡುವ ಮುಂಚೆ ಒಂದೇ ಮಾತು: "ಸಾಯಂಕಾಲ ನೋಡಿದ್ರಾ ಸಾರ್?"