ನಳಿನಕ್ಕನ ಚೆನ್ನೆಮಣೆ

ಕಡಲಾಚೆಯ ಪುಟ್ಟ ಪಟ್ಟಣ ಪೋರ್ಟ್ ಕ್ರೆಡಿಟ್‌ನಲ್ಲಿ ಸರೋವರದ ಮಂಜು ಕಿಟಕಿಗೆ ಒರಗಿ ನಿಂತ ಆ ಮನೆಯಿಂದ ಹುಣಸೆಬೀಜ ಉದುರುವ ಸದ್ದು ಕೇಳಿಸಿದರೆ, ನಳಿನಕ್ಕನಿಗೆ ಹೊಸ ಫಾಸ್ಟರ್ ಮಗು ಬಂದಿದೆ ಎಂದೇ ಲೆಕ್ಕ. ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ಕೆಲವು ಕಾಲ ಸಾಕುವ ಉಡುಪಿಯ ಈ ಹೆಂಗಸು, ಮಗುವಿನ ಹೆಸರು ಕೇಳುವ ಮೊದಲೇ ಚೆನ್ನೆಮಣೆ ಇಳಿಸುತ್ತಾರೆ. ಇಬ್ಬರು ಕೂತು ಆಡುವ ಮರದ ಮಣೆ, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಬೀಜ. ಸಂಜೆಯ ಬೆಳಕು ಆ ಗುಳಿಗಳಲ್ಲಿ ನೀರಿನಂತೆ ನಿಲ್ಲುತ್ತದೆ. “ಮಾತು ಮೊದಲು ಬೆರಳಿಗೆ ಬರ್ಲಿ ಮಾರಾಯ್ರೆ, ಬಾಯಿಗೆ ಆಮೇಲೆ ಬರ್ತದೆ” ಎನ್ನುತ್ತಾರೆ. ವಿಚಾರಿಸಲು ಬಂದ ಸೋಶಿಯಲ್ ವರ್ಕರ್ ಕೂಡ ಕೋಟು ಬಿಚ್ಚುವಷ್ಟರಲ್ಲಿ ಎರಡು ಆಟ ಸೋತಿರುತ್ತಾಳೆ. ಗಣಿತಕ್ಕೆ ಹೆದರುವ ಮಕ್ಕಳು ಅಲ್ಲಿ ನಿದ್ದೆಗಣ್ಣಲ್ಲೂ ಕನ್ನಡದಲ್ಲಿ “ಒಂದು, ಎರಡು” ಎಂದು ಗೊಣಗುತ್ತವೆ. ಒಲೆಯ ಮೇಲೆ ಸಾರು ಸೀದರೂ ನಳಿನಕ್ಕನ ಎಣಿಕೆ ತಪ್ಪಿದ್ದಿಲ್ಲ. ಊರಿನ ಒಂದು ಕಟ್ಟಳೆಯನ್ನಂತೂ ಅವರು ಸಡಿಲಿಸುವುದಿಲ್ಲ: “ಅಕ್ಕ ತಂಗಿ ಎದುರುಬದುರು ಕೂತು ಆಡ್ಲಿಕ್ಕಿಲ್ಲ, ಜಗಳ ಆಗ್ತದೆ.” ಕಳೆದ ಚಳಿಗಾಲದಲ್ಲಿ ಬೇರೆ ಬೇರೆ ಮನೆಗಳಿಂದ ಬಂದ ಜೋಯಿ, ಅಮಾರಾ ಎಂಬ ಹುಡುಗಿಯರಿಗೆ ಆ ಅಡ್ಡಿ ಇರಲಿಲ್ಲ, ದಿನಾ ಎದುರುಬದುರೇ ಕೂರುತ್ತಿದ್ದರು. ಹೊರಗೆ ಹಿಮ ಕರಗತೊಡಗಿದ ಒಂದು ಸಂಜೆ, ಬಂದಾಗಿನಿಂದ ತುಟಿ ಬಿಚ್ಚದಿದ್ದ ಅಮಾರಾ ತನ್ನ ಜಾಗ ಬಿಟ್ಟೆದ್ದು ಜೋಯಿಯ ಪಕ್ಕಕ್ಕೆ ಒತ್ತಿ ಕುಳಿತಳು. “ಎಂತ ಮಗಾ, ಆಟ ಬೇಡ್ವಾ?” ಎಂದರು ನಳಿನಕ್ಕ. “ವಿ ಕಾಂಟ್ ಪ್ಲೇ, ನಳಿನಕ್ಕ,” ಎಂದಳು ಅಮಾರಾ. “ಶೀ ಈಸ್ ಮೈ ಸಿಸ್ಟರ್.” ನಳಿನಕ್ಕ ಅವಳು ಬಿಟ್ಟ ಜಾಗದಲ್ಲಿ ತಾವೇ ಕುಳಿತು ಬೀಜ ಹಂಚತೊಡಗಿದರು, ನಾಲ್ಕು ಬೀಳಬೇಕಾದ ಗುಳಿಗೆ ಐದು, ಆರು, ಏಳು ಬೀಳುತ್ತಲೇ ಇದ್ದವು.